ಸುರಂಗಕ್ಕೆ ಇಳಿದ ಕಬ್ಬಿಣದ ಕರು

"ಮೂರು ಕಾಲು ಗಟ್ಟಿಯಾಗಿ ಊರೋವರೆಗೂ ಇದು ನಾಲ್ಕನೇ ಕಾಲು ಎತ್ತಲ್ಲ ಸಾರ್," ಎಂದಳು ಆದಿಲಕ್ಷ್ಮಿ. "ಅವಸರ ಅನ್ನೋದೇ ಗೊತ್ತಿಲ್ಲ ಇದಕ್ಕೆ. ನೋಡ್ತಾ ಇರಿ."

ಸಬ್ ಇನ್‌ಸ್ಪೆಕ್ಟರ್ ವೆಂಕಟೇಶಪ್ಪ ಕಣ್ಣು ಕೀಳದೆ ನೋಡುತ್ತಿದ್ದ. ಸುರಂಗದ ಬಾಯಿಗೆ ಮುಖ ಮಾಡಿ ನಿಂತಿದ್ದ ಆ ಯಂತ್ರ ಮುಂದಿನ ಬಲಗಾಲನ್ನು ಎತ್ತಿ, ಗಾಳಿಯಲ್ಲಿ ಒಂದು ಗಳಿಗೆ ಹಿಡಿದುಕೊಂಡಿತು. ಎದುರಿಗಿದ್ದ ಕಲ್ಲಿನ ಮೇಲೆ ಮೆಲ್ಲಗೆ ಊರಿ, ಒತ್ತಿ ನೋಡಿತು. ಕಲ್ಲು ಅಲುಗಿತು. ಕಾಲನ್ನು ಹಿಂದಕ್ಕೆ ತೆಗೆದುಕೊಂಡು ಪಕ್ಕದ ಕಲ್ಲಿನ ಮೇಲಿಟ್ಟಿತು. ಮತ್ತೆ ಒತ್ತಿ ನೋಡಿತು. ಅದು ಅಲುಗಲಿಲ್ಲ. ಆಮೇಲಷ್ಟೇ ಮೈಭಾರವನ್ನು ಅದರ ಮೇಲೆ ಬಿಟ್ಟಿತು.

ಗುಂಪಿನಲ್ಲಿ ಯಾರೋ ಹಿಡಿದಿದ್ದ ಉಸಿರು ಬಿಟ್ಟರು.

ಎತ್ತರದಲ್ಲಿ ಅದು ಹುಟ್ಟಿ ವಾರವಾದ ಕರುವಿನಷ್ಟಿತ್ತು. ತಗಡಿನ ಮೈ, ಮಂಡಿಗೊಂದರಂತೆ ಮೋಟರು, ಪಾದಕ್ಕೆ ಹಳೇ ಟೈರಿನ ರಬ್ಬರು. ಮುಖದ ಜಾಗದಲ್ಲಿ ಒಂದು ದೀಪ, ದೀಪದ ಕೆಳಗೆ ಕ್ಯಾಮೆರಾದ ಒಂಟಿ ಕಣ್ಣು. ಹೊಟ್ಟೆಯ ಕೆಳಗಿನಿಂದ ಹೊರಟ ದಪ್ಪ ಕರೀ ಕೇಬಲ್ಲು ಹೊಕ್ಕುಳಬಳ್ಳಿಯ ಹಾಗೆ ನೆಲದ ಮೇಲೆ ಹರಿದು ಆದಿಲಕ್ಷ್ಮಿಯ ಮೇಜಿಗೂ, ಅದರಾಚೆ ಹೊಂಗೆ ಮರದ ಬುಡದಲ್ಲಿ ಬಡಬಡಿಸುತ್ತಿದ್ದ ಜನರೇಟರಿಗೂ ಸೇರಿಕೊಂಡಿತ್ತು. ಮೇಜಿನ ಮೇಲೆ ಕಂಪ್ಯೂಟರು, ಪಕ್ಕದಲ್ಲಿ ಚಿಕ್ಕದೊಂದು ಕಪ್ಪುಬಿಳುಪಿನ ಟಿವಿ. ಯಂತ್ರ ಕಂಡದ್ದೆಲ್ಲ ಆ ಟಿವಿಯಲ್ಲಿ ಕಾಣುತ್ತಿತ್ತು.

"ಮೇಡಂ, ಇದಕ್ಕೆ ಉಲ್ಲು ಆಕೋದಾ, ಬೂಸಾ ಆಕೋದಾ?" ಎಂದ ಕಾನ್‌ಸ್ಟೇಬಲ್ ಸೀನಪ್ಪ. ಕೇಬಲ್ಲು ಸಿಕ್ಕಾಗದಂತೆ ಬಿಡುವ ಕೆಲಸ ಅವನದು.

"ಜನರೇಟರಿಗೆ ಸೀಮೆಎಣ್ಣೆ ಹಾಕಿ, ಸಾಕು. ಇದು ಸಗಣೀನೂ ಹಾಕಲ್ಲ, ಹೆದರಬೇಡಿ."

"ಚಕ್ರ ಮಡಗಿದ್ರೆ ಇನ್ನೂ ಬಿರ್ರನೆ ಓಗ್ತಿರ್ಲಿಲ್ವಾ?"

"ಚಕ್ರಕ್ಕೆ ದಾರಿ ಬೇಕು ಸೀನಪ್ಪ. ಕಾಲಿಗೆ ಕಾಲೂರೋಷ್ಟು ಜಾಗ ಇದ್ರೆ ಆಯ್ತು."

ಆ ಮಾತು ವೆಂಕಟೇಶಪ್ಪನ ಮನಸ್ಸಿಗೆ ನಾಟಿತು. ಕ್ಯಾಸಂಬಳ್ಳಿ ಹೋಬಳಿಯ ಹೊಲಮನೆಯಲ್ಲಿ ಹುಟ್ಟಿ ಬೆಳೆದವನು ಅವನು. ಅವನಣ್ಣ ದೊಡ್ಡವೆಂಕಟಪ್ಪನ ಎತ್ತುಗಳು ಕೆರೆಯ ಕಲ್ಲುಕಟ್ಟೆ ಇಳಿಯುತ್ತಿದ್ದದ್ದೂ ಹೀಗೇ. ಒಂದೊಂದೇ ಕಾಲು, ಊರಿ ನೋಡಿ, ನಂಬಿಕೆ ಬಂದ ಮೇಲೆ ಮೈ ಬಿಡುವುದು. ಆ ಬುದ್ಧಿ ಎತ್ತಿಗೆ ದೇವರು ಕೊಟ್ಟದ್ದು. ಇದಕ್ಕೆ ಕೊಟ್ಟವಳು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಗಾರ್ಡ್ ಆಗಿದ್ದವರ ಮಗಳು! ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ಕೂತು ಕರುಗಳ ಫಿಲ್ಮು ನೋಡಿ ನೋಡಿ ಕಲಿಸಿದಳಂತೆ. ಮೈಸೂರು ಮೈನ್ಸಿನ ಹಳೇ ಚಿನ್ನದ ಗಣಿಗಳಲ್ಲಿ ನಡೆಸಿ ನೋಡಲು ತಂದಿದ್ದ ಯಂತ್ರವನ್ನು ನಿನ್ನೆ ವೆಂಕಟೇಶಪ್ಪನೇ ಹೋಗಿ ಬೇಡಿಕೊಂಡು ಊರಿಗಾಂ ಹಿಂದಿನ ಈ ಪಾಳು ಸುರಂಗಕ್ಕೆ ಕರೆಸಿದ್ದ.

ಕರೆಸದೆ ಬೇರೆ ದಾರಿಯಿರಲಿಲ್ಲ. ಶನಿವಾರ ಕೋದಂಡಪ್ಪನ ಚಿನ್ನ ಸೋಸುವ ಶೆಡ್ಡಿನಿಂದ ಮುಷ್ಟಿಗಾತ್ರದ ಚಿನ್ನದ ಗಟ್ಟಿ ಮಾಯವಾಗಿತ್ತು. ಅಂದಿನಿಂದಲೇ ಶೆಡ್ಡಿನ ಕಾವಲುಗಾರ ಮುನಿಶಾಮಿಯೂ ಇಲ್ಲ. ಅವನ ಒಂದು ಚಪ್ಪಲಿ ಸಿಕ್ಕಿದ್ದು ಈ ಸುರಂಗದ ಬಾಯಲ್ಲಿ.

ಒಳಗೆ ಸೂರು ಕುಸಿದಿತ್ತು. ಕುಸಿತದ ಈಚೆಗೆ ಗಾಳಿಯ ಓಡಾಟ ನಿಂತು ಕೆಟ್ಟುಹೋಗಿತ್ತು. ಬೆನ್ನಿಗೆ ಗಾಳಿ ಸಿಲಿಂಡರು ಕಟ್ಟಿಕೊಂಡು ಹೋದ ರಕ್ಷಣಾ ತಂಡದವರು ಬಿದ್ದ ಬಂಡೆಗಳ ಕೆಳಗಿನ ಕಿಂಡಿಯಲ್ಲಿ ತೂರಲಾರದೆ ವಾಪಸು ಬಂದಿದ್ದರು. ಸಿಲಿಂಡರು ಬಿಚ್ಚಿಟ್ಟರೆ ತೂರಬಹುದಿತ್ತು, ಉಸಿರಿರುತ್ತಿರಲಿಲ್ಲ. ಮಿಕ್ಕ ಸೂರೂ ಬೀಳುವಂತಿದೆ, ಇವತ್ತು ಹೊತ್ತು ಮುಳುಗುವ ಮುಂಚೆ ಬಾಯಿ ಮುಚ್ಚಿ ಎಂದು ಮೇಲಿನಿಂದ ಹುಕುಂ ಬಂದಿತ್ತು. ಆಗಲೇ ನಾಲ್ಕಾರು ಆಳುಗಳು ಸಿಮೆಂಟು ಕಲಸಲು ಮರಳು ಜರಡಿ ಹಿಡಿಯುತ್ತಿದ್ದರು.

ಆ ಜರಡಿಯ ಸದ್ದಿಗೆ ಬೆನ್ನು ಮಾಡಿ ಮುನಿಶಾಮಿಯ ಹೆಂಡತಿ ಪಾಪಕ್ಕ ಕೂತಿದ್ದಳು.

ವೆಂಕಟೇಶಪ್ಪ ಜೀಪಿನಿಂದ ತನ್ನ ಬುತ್ತಿಗಂಟು ತಂದು ಅವಳ ಮುಂದೆ ಬಿಚ್ಚಿದ. ಬಿಳಿ ಟವಲಿನಲ್ಲಿ ಸುತ್ತಿದ ಡಬ್ಬಿ. ಟವಲಿನ ಒಂದು ಮೂಲೆಗೆ ಹಸಿರು ದಾರದಲ್ಲಿ ಪುಟ್ಟದೊಂದು ಹಕ್ಕಿ ಕಾಲಿನ ಗುರುತು. ಅಗಸರ ಮನೆಯಲ್ಲಿ ಅದಲುಬದಲಾಗದಿರಲಿ ಎಂದು ಅವನ ತಾಯಿ ಚಿಕ್ಕವೆಂಕಟಮ್ಮ ಮನೆಯ ಟವಲುಗಳಿಗೆಲ್ಲ ಈ ಗುರುತು ಹಾಕುತ್ತಿದ್ದಳು. ಬೆಳಗ್ಗೆ ಗಂಟು ಕಟ್ಟಿಕೊಡುವಾಗ, "ನಿಮ್ಮಣ್ಣ ಮುಳಬಾಗಿಲ ಕಡೆ ಎತ್ತು ನೋಡಕ್ಕೆ ಓದೋನು ಇನ್ನೂ ಬಂದಿಲ್ಲ ಕಣ್ಲಾ. ಎಲ್ಲಾನಾ ಕಂಡ್ರೆ ಮನೆ ಕಡೆ ಬರಾಕೇಳು," ಎಂದಿದ್ದಳು. ಎತ್ತಿನ ವ್ಯಾಪಾರಕ್ಕೆ ಕೂತರೆ ದೊಡ್ಡವೆಂಕಟಪ್ಪನಿಗೆ ಮನೆಮಠ ಮರೆಯುವುದು ಹೊಸದಲ್ಲ.

"ಎರಡು ತುತ್ತು ತಿನ್ನಮ್ಮ."

"ನಮ್ಮೋರು ಉಸುರಾಡ್ತವ್ರೆ ಅನ್ನಲಿ ಸಾಮೀ, ಆಮೇಕೆ ತಿಂತೀನಿ." ಪಾಪಕ್ಕ ಯಂತ್ರದ ಕಡೆ ತಿರುಗಿದಳು. "ಎಲ್ಲಾರೂ ಅವ್ರನ್ನ ಕಳ್ಳ ಅಂತಾವ್ರೆ. ಇದಕ್ಕೆ ಕಳ್ಳನೂ ಒಂದೇ, ದೊರೇನೂ ಒಂದೇ. ಇದು ಕಂಡಿದ್ದನ್ನ ಕಂಡಂಗೆ ತೋರ್ಸತ್ತೆ ಅಲ್ವಾ?"

"ಕಂಡಹಾಗೇ ತೋರಿಸತ್ತೆ," ಎಂದಳು ಆದಿಲಕ್ಷ್ಮಿ.

ಪಾಪಕ್ಕ ಎದ್ದುಬಂದು ಯಂತ್ರದ ಹಿಂಗಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಯಾರೂ ನಗಲಿಲ್ಲ.

ಅದರ ಬೆನ್ನ ಮೇಲೆ ಗೋಣಿಚೀಲ ಕಟ್ಟಿ, ನೀರಿನ ಬಾಟ್ಲಿ, ಬನ್ನು, ಒಂದು ಟಾರ್ಚು ಹಾಕಿದರು. ಆದಿಲಕ್ಷ್ಮಿ ಮೇಜಿನ ಮೇಲಿನ ಹಿಡಿಯನ್ನು ಮುಂದಕ್ಕೆ ತಳ್ಳಿದಳು. ಕಬ್ಬಿಣದ ಕರು ಬಿಸಿಲಿನಿಂದ ಕತ್ತಲೆಗೆ ಇಳಿಯಿತು.

*

ಟಿವಿಯಲ್ಲಿ ಮೊದಲು ಕಂಡದ್ದು ಮೆಟ್ಟಿಲುಗಳು. ಬಿಳಿಯರ ಕಾಲದಲ್ಲಿ ಕೊರೆದವು. ಈಗ ಅಂಚು ಸವೆದು, ನೀರು ಜಿನುಗಿ ಪಾಚಿ ಹಿಡಿದಿದ್ದವು. ಮನುಷ್ಯನಾದರೆ ಗೋಡೆ ಹಿಡಿದುಕೊಂಡು ಇಳಿಯಬೇಕು. ಯಂತ್ರ ಮುಂಗಾಲು ಚಾಚಿ, ಹಿಂಗಾಲು ಮಡಚಿ, ಬೆನ್ನನ್ನು ಮಾತ್ರ ಮಟ್ಟವಾಗಿಟ್ಟುಕೊಂಡು ಇಳಿಯತೊಡಗಿತು. ತಲೆ ಮೇಲೆ ತುಂಬಿದ ಕೊಡ ಹೊತ್ತ ಹೆಂಗಸು ಇಳಿಯುವ ಹಾಗೆ.

ಒಂದು ಕಡೆ ಹಿಂದಿನ ಎಡಗಾಲು ಜಾರಿತು. ಚಿತ್ರ ಓರೆಯಾಯಿತು. ಪಾಪಕ್ಕ "ಅಯ್ಯೋ!" ಎಂದು ಎದ್ದು ನಿಂತಳು. ಆದಿಲಕ್ಷ್ಮಿ ಹಿಡಿಯಿಂದ ಕೈ ತೆಗೆದಿದ್ದಳು. ಅವಳು ಏನೂ ಮಾಡಲಿಲ್ಲ. ಮಿಕ್ಕ ಮೂರು ಕಾಲು ತಾವೇ ಅಗಲಿಸಿ ಊರಿಕೊಂಡವು, ಜಾರಿದ ಕಾಲು ತಡವರಿಸಿ, ಒಂದು ಅಂಚು ಹುಡುಕಿಕೊಂಡಿತು, ಚಿತ್ರ ನೆಟ್ಟಗಾಯಿತು.

"ನೀವು ಏನೂ ಒತ್ತಲಿಲ್ಲ," ಎಂದ ವೆಂಕಟೇಶಪ್ಪ.

"ಬೀಳೋ ಗಳಿಗೇಲಿ ನನ್ನ ಕೇಳ್ತಾ ಕೂತರೆ ಆಗಲ್ಲ ಸಾರ್. ಅಷ್ಟನ್ನು ಅದೇ ನೋಡಿಕೊಳ್ಳತ್ತೆ." ಅವಳ ದನಿಯಲ್ಲಿ ಹೆಮ್ಮೆಗಿಂತ ಅಚ್ಚರಿಯೇ ಹೆಚ್ಚಿತ್ತು, ಮಗು ಮೊದಲ ಸಲ ತಾನಾಗಿ ಎದ್ದು ನಿಂತದ್ದನ್ನು ಕಂಡವರ ಹಾಗೆ. "ಗಣಿ ಕುಸಿದಾಗ ಏನಾಗತ್ತೆ ಗೊತ್ತಲ್ಲ? ಒಬ್ಬರನ್ನು ಹುಡುಕೋಕೆ ಇನ್ನೊಬ್ಬರು ಇಳೀತಾರೆ. ಹೊರಗೆ ಎರಡು ಹೆಣ ಬರತ್ತೆ. ಮೊದಲು ಇಳಿಯೋನು ಮನುಷ್ಯ ಆಗಬಾರದು ಅಂತಲೇ ಇದನ್ನು ಮಾಡಿದ್ದು."

ಗುಂಪಿನಲ್ಲಿದ್ದ ಊರಿಗಾಂ ಗಣಿ ಕಾರ್ಮಿಕರ ಲೈನಿನ ಮುದುಕನೊಬ್ಬ ತಲೆಗೆ ಸುತ್ತಿದ್ದ ವಸ್ತ್ರ ತೆಗೆದು ಕಂಕುಳಲ್ಲಿಟ್ಟುಕೊಂಡ.

ಮೆಟ್ಟಿಲು ಮುಗಿದು ಬಂಡೆಗಳು ಬಂದವು. ಮೇಜಿನ ಮೇಲಿನ ಮಾಪಕದಲ್ಲಿ ಕೆಟ್ಟ ಗಾಳಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿ ನಡುಗುತ್ತಿತ್ತು. ಅಲ್ಲಿ ಮನುಷ್ಯನಾದರೆ ಹತ್ತು ಉಸಿರಿಗೆ ಕುಸಿಯುತ್ತಾನೆ. ಯಂತ್ರಕ್ಕೆ ಉಸಿರಿನ ಹಂಗಿರಲಿಲ್ಲ. ಅದು ಕಿಂಡಿಯ ಮುಂದೆ ನಿಂತು, ನಾಲ್ಕೂ ಮಂಡಿಗಳನ್ನು ಹೊರಕ್ಕೆ ಬಾಗಿಸಿ, ಹೊಟ್ಟೆಯನ್ನು ನೆಲಕ್ಕೆ ಇಳಿಸಿತು. ಬಾಗಿಲ ಸಂದಿಯಲ್ಲಿ ಬೆಕ್ಕು ತೂರುವ ಹಾಗೆ ತೂರಿತು.

"ನಿಲ್ಲಿಸಿ!" ಎಂದ ವೆಂಕಟೇಶಪ್ಪ.

ದೀಪದ ಬೆಳಕಿನಲ್ಲಿ, ಒದ್ದೆ ನೆಲದ ಮೇಲೆ, ಎರಡು ಉಂಗುರಗಳು ಬಿದ್ದಿದ್ದವು. ತಲೆ ಮೇಲೆ ಹೊರುವವರು ಹೊರೆಯ ಕೆಳಗೆ ಇಟ್ಟುಕೊಳ್ಳುವ ಸಿಂಬೆಗಳು. ಆದಿಲಕ್ಷ್ಮಿ ಯಂತ್ರದ ಕತ್ತನ್ನು ಬಗ್ಗಿಸಿದಳು. ಒಂದು ಸಿಂಬೆ ರಾಗಿ ಹುಲ್ಲಿನದು. ಇನ್ನೊಂದು ಹಳೇ ಸೀರೆ ಹರಿದು ಸುತ್ತಿದ್ದು.

ಪಾಪಕ್ಕ ಟಿವಿಯ ಹತ್ತಿರಕ್ಕೆ ಬಂದಳು. ಬಣ್ಣವಿಲ್ಲದ ಚಿತ್ರ. ಆದರೂ ಸೀರೆಯ ಅಂಚಿನ ರುದ್ರಾಕ್ಷಿ ಸಾಲು ಎದ್ದು ಕಾಣುತ್ತಿತ್ತು. ಅವಳ ಕೈ ತಾನಾಗಿ ಬಾಯಿಗೆ ಹೋಯಿತು.

"ಅದು ನನ್ ಸೀರೆ," ಎಂದಳು.

*

"ನೋಡಿದ್ರಾ ಸಾರ್!" ಎಂಬ ದನಿ ಹಿಂದಿನಿಂದ ಬಂತು. ಗಣಿಯಿಂದ ತೆಗೆದು ಸುರಿದ ಹಳೇ ಮರಳಿನಿಂದ ಚಿನ್ನ ಸೋಸುವ ಶೆಡ್ಡಿನ ಯಜಮಾನ ಕೋದಂಡಪ್ಪ. ಬೆಳಗಿನಿಂದ ಹೊಂಗೆ ಮರದ ನೆರಳು ಬಿಟ್ಟು ಕದಲಿರಲಿಲ್ಲ. ಅವನಿಗೊಂದು ಚಾಳಿಯಿತ್ತು, ಎಲ್ಲಿ ಕೂತರೂ ನಿಂತರೂ ಹಿಡಿ ಮರಳು ಬಾಚಿ ಬೆರಳ ಸಂದಿಯಿಂದ ಸೋಸುತ್ತ ಇರುವುದು. ಈಗಲೂ ಮುಷ್ಟಿಯಿಂದ ಬಿಳೀ ಮರಳು ಎಳೆ ಎಳೆಯಾಗಿ ಸುರಿಯುತ್ತಿತ್ತು. "ನಾನು ಬಾಯಿಬಿಟ್ಟು ಏಳಬೇಕಾ? ಎಂಡ್ತೀನೇ ಒಪ್ಕೊಂಡ್ಳು. ಗಟ್ಟಿ ಒತ್ಕೊಂಡು ಒಳಿಕ್ ಓಗವ್ನೆ, ದೇವ್ರು ಸೂರು ಕೆಡವವ್ನೆ. ಪಾಪಂ, ಏನ್ಮಾಡಕ್ಕಾಗತ್ತೆ. ಬಾಯಿ ಮುಚ್ಚಿಸಿ, ಎಳ್ಳುನೀರು ಬಿಡೋಣ."

"ಇಲ್ಲಿಗೆ ಯಾರೂ ಬರಲ್ಲ ಅಂದಿದ್ರಿ ಕೋದಂಡಪ್ಪನವರೇ."

"ಬಿಳೀ ದೊರೆಗಳು ಓದ್ಮೇಲೆ ನರಮನುಷ್ಯ ಕಾಲಿಟ್ಟಿಲ್ಲ ಅಂತ ನಾನೂ ತಿಳಿದಿದ್ದೆ. ಈ ಮುನಿಶಾಮಿ ಇಟ್ಟವ್ನೆ."

"ಒಬ್ಬನೇ ಇಟ್ಟಿಲ್ಲ," ಎಂದ ವೆಂಕಟೇಶಪ್ಪ. ಅವನ ಮಾತು ಯಾವಾಗಲೂ ನಿಧಾನ, ಇನ್ನೂ ನಿಧಾನವಾಯಿತು. "ಸಿಂಬೆ ಎರಡಿದೆ. ಲೈನಿನ ಮನೆಗಳಲ್ಲಿ ಹುಲ್ಲಿರಲ್ಲ, ಅವರು ಬಟ್ಟೆ ಸುತ್ತುತಾರೆ. ನಮ್ಮ ಕಡೆ ಹಳ್ಳೀಲಿ ಯಾವನೂ ಸೀರೆ ಹಾಳುಮಾಡಲ್ಲ, ಮೆದೆಯಿಂದ ಒಂದು ಹಿಡಿ ಹುಲ್ಲು ಎಳ್ಕೊತಾನೆ. ಆ ಹುಲ್ಲು ಇನ್ನೂ ಕಪ್ಪಾಗಿಲ್ಲ, ಈ ಸಲದ ಕುಯ್ಲಿಂದು. ಮುನಿಶಾಮಿ ಜೊತೆ ಹಳ್ಳಿಯೋನು ಒಬ್ಬ ಇದ್ದ."

"ಇರ್ಬೋದು. ಕ್ಯಾಸಂಬಳ್ಳಿ ಕಡೆಯೋನೇ ಇರ್ಬೋದು," ಎಂದು ಕೋದಂಡಪ್ಪ ಹಲ್ಲು ಕಿರಿದ. "ಅಲ್ಲಿ ಈ ಸಲ ಉಲ್ಲು ಬಾಳ ಚೆನ್ನಾಗ್ ಬಂದೈತಂತೆ. ನಿಮ್ಮೂರ ಕಡೇನೇ ಅಲ್ವಾ ಸಾರ್?"

ಸೀನಪ್ಪ ಕೇಬಲ್ಲಿನಿಂದ ತಲೆ ಎತ್ತಿದ. ವೆಂಕಟೇಶಪ್ಪ ಆ ಚುಚ್ಚುಮಾತನ್ನು ನುಂಗಿಕೊಂಡ.

"ನೀವು ಕೊಟ್ಟ ಕಂಪ್ಲೇಂಟಿನಲ್ಲಿ ಗಟ್ಟಿ ಎಷ್ಟು ದೊಡ್ಡದು ಅಂದ್ರಿ?"

"ಮುಷ್ಟಿಯಷ್ಟು."

"ನಿಮ್ಮ ಮುಷ್ಟಿಯಷ್ಟಾ, ನನ್ನ ಮುಷ್ಟಿಯಷ್ಟಾ?"

"ಯಾರ್ದಾದ್ರೇನು ಸಾರ್? ಜೇಬಲ್ಲಿ ಇಡ್ಸತ್ತೆ."

"ಜೇಬಲ್ಲಿ ಹಿಡಿಸೋದಕ್ಕೆ ಸಿಂಬೆ ಯಾಕೆ?"

ಮರಳು ಸುರಿಯುವುದು ನಿಂತಿತು.

ಜರಡಿ ಹಿಡಿಯುತ್ತಿದ್ದ ಆಳುಗಳೂ ಕೈ ನಿಲ್ಲಿಸಿ ಇತ್ತ ನೋಡಿದರು. ಹುಟ್ಟಿದಾಗಿನಿಂದ ಹೊರೆ ಹೊತ್ತವರು; ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಸಿಂಬೆ ಇಟ್ಟುಕೊಂಡಿದ್ದಾರೆ ಅಂದ್ರೆ ನೆತ್ತಿ ನೋಯೋಂಥ ಭಾರ ಹೊತ್ತಿದ್ದಾರೆ. ಒಳಗೆ ಹೋಗಿರೋದು ಗಟ್ಟಿ ಅಲ್ಲ. ಬೇರೆ ಏನೋ. ಏನು ಅದು?"

"ನಂಗೇನ್ ಗೊತ್ತು?"

"ಸರಿ, ಅದು ಬಿಡಿ. ಇನ್ನೊಂದು ಹೇಳಿ. ಅಂಥಾ ಭಾರ ತಾನಾಗಿ ತಲೆ ಮೇಲೆ ಹತ್ತಲ್ಲ. ಎತ್ತಿಸೋನು ಬೇಕು. ಇವನು ಅವನಿಗೆ ಎತ್ತಿಸಿದ. ಹೊರೆ ಹೊತ್ತೋನು ಬಗ್ಗಿ ಇನ್ನೊಬ್ಬನಿಗೆ ಎತ್ತಿಸೋಕಾಗತ್ತಾ?" ವೆಂಕಟೇಶಪ್ಪ ಒಂದು ಹೆಜ್ಜೆ ಮುಂದೆ ಬಂದ. "ಕೊನೆಯೋನ ತಲೆಗೆ ಎತ್ತಿಸಿದ ಕೈ ಯಾವುದು ಕೋದಂಡಪ್ಪನವರೇ? ಇಬ್ಬರು ಒಳಗೆ. ಮೂರನೆಯವನು ಹೊರಗಿದ್ದಾನೆ."

ಕೋದಂಡಪ್ಪ ಕೈಯ ಮರಳು ಕೊಡವಿದ. "ಕಟ್ಟೆ ಮೇಲೆ ಮಡಗಿ ಒತ್ಕೊಂಡಿರ್ತಾನೆ. ಒಂದೊಂದು ಮೂಟೆ ಏನ್ ಮಹಾ, ಅರ್ಧ ಸಿಮೆಂಟು ಮೂಟೆಯಷ್ಟು..."

ಅಷ್ಟರಲ್ಲಿ ನಾಲಿಗೆ ಕಚ್ಚಿಕೊಂಡ.

"ಮೂಟೆ ಅಂತ ನಾನು ಅನ್ನಲಿಲ್ಲ," ಎಂದ ವೆಂಕಟೇಶಪ್ಪ.

"ಮಾತಿಗಂದೆ ಸಾರ್. ಮಾತಿಗಂದಿದ್ದಕ್ಕೆಲ್ಲಾ ಬೇಡಿ ಆಕ್ತೀರಾ? ಆಕಿ!"

"ಸಾರ್!" ಆದಿಲಕ್ಷ್ಮಿ ಕೂಗಿದಳು. "ಬನ್ನಿ ಇಲ್ಲಿ. ಗಾಳಿ!"

*

ಯಂತ್ರ ಕಿಂಡಿಯ ಆಚೆ ತಲುಪಿ ಎದ್ದು ನಿಂತಿತ್ತು. ಗಾಳಿಯ ಮುಳ್ಳು ಮೆಲ್ಲಗೆ ಕೆಂಪು ಗೆರೆಯಿಂದ ಇಳಿಯುತ್ತಿತ್ತು. ಇಳಿಯುತ್ತ ಇಳಿಯುತ್ತ ಬಿಳೀ ಭಾಗಕ್ಕೆ ಬಂದು ನಿಂತಿತು.

"ಆಚೆ ಒಳ್ಳೇ ಗಾಳಿ ಇದೆ," ಎಂದಳು ಆದಿಲಕ್ಷ್ಮಿ. "ಎಲ್ಲೋ ಬಿರುಕಿರಬೇಕು. ಅಲ್ಲಿ ಮನುಷ್ಯ ಬದುಕಬಹುದು."

ಪಾಪಕ್ಕ ಅಲ್ಲೇ ಮಂಡಿಯೂರಿ ಕೂತು ಟಿವಿಗೆ ಕೈ ಮುಗಿದಳು.

ಚಿತ್ರದಲ್ಲಿ ಗೋಡೆ, ಒಂದು ಮರದ ಕಂಬ, ಮತ್ತೆ ಗೋಡೆ. ದೀಪ ತಿರುಗಿದ ಕಡೆಯೆಲ್ಲ ಕಲ್ಲು ಮಿಣುಕುತ್ತಿತ್ತು. ಬಿಳಿಯರು ಹೋದ ಮೇಲೆ ಆ ಕತ್ತಲೆಯನ್ನು ಹಗಲಿನಲ್ಲಿ ಕೂತವರು ಯಾರೂ ಕಂಡಿರಲಿಲ್ಲ. ಇವತ್ತು ಹೊಂಗೆ ಮರದ ಗಾಳಿಗೆ ಮೈಯೊಡ್ಡಿ ನಿಂತವರೆಲ್ಲ ಕಾಣುತ್ತಿದ್ದರು.

ಚಿತ್ರದ ಅಂಚಿನಲ್ಲಿ ಏನೋ ಅಲ್ಲಾಡಿತು.

ಮರುಗಳಿಗೆ ಟಿವಿ ಇಡೀ ಬಿಳಿಯಾಯಿತು. ಕತ್ತಲೆಯ ಕಪ್ಪಲ್ಲ. ಮಂಜು ಹಿಡಿದಂಥ ಬಿಳುಪು, ಅದರಲ್ಲಿ ನೇಯ್ಗೆಯ ಎಳೆಗಳು.

"ಏನಾಯ್ತು?"

"ಬಟ್ಟೆ," ಎಂದಳು ಆದಿಲಕ್ಷ್ಮಿ ಪಿಸುದನಿಯಲ್ಲಿ. "ಯಾರೋ ಇದರ ಕಣ್ಣಿಗೆ ಬಟ್ಟೆ ಹೊದಿಸಿದಾರೆ. ಅಯ್ಯೋ, ಇದಕ್ಕೊಂದು ಕಿವಿ ಇಡಬೇಕಿತ್ತು ಸಾರ್. ಕಣ್ಣಿಟ್ಟೆ, ಕಿವಿ ಇಡಲಿಲ್ಲ."

"ನಮ್ಮೋರೇ!" ಎಂದು ಪಾಪಕ್ಕ ಕಿರುಚಿದಳು. "ಉಸುರೈತೆ! ನಮ್ಮೋರಿಗೆ ಉಸುರೈತೆ!"

ವೆಂಕಟೇಶಪ್ಪನ ಎದೆಯಲ್ಲಿ ಬೇರೆಯೇ ಒಂದು ಚಿತ್ರ ಎದ್ದಿತು. ಬಂಗಾರಪೇಟೆಯ ರೈಲ್ವೆ ಗೇಟು. ಇಂಜಿನ್ನು ಕೂಗುತ್ತ ಬರುತ್ತಿದೆ. ನೊಗದ ಕೆಳಗಿನ ಎತ್ತು ಬೆದರಿ ಕಣ್ಣು ಮೆಳ್ಳಗೆ ಮಾಡಿದೆ. ಗಾಡಿಯಿಂದ ಹಾರಿಬಂದ ಅಣ್ಣ ಹೆಗಲ ಟವಲು ತೆಗೆದು ಎತ್ತಿನ ಕಣ್ಣಿಗೆ ಕಟ್ಟುತ್ತಾನೆ. ಎತ್ತು ಕಲ್ಲಿನ ಹಾಗೆ ನಿಲ್ಲುತ್ತದೆ. ದನಗಾರನ ಕೈ ಅದು. ಕತ್ತಲೆಯಲ್ಲಿ ನಾಲ್ಕು ಕಾಲಿನ ಪ್ರಾಣಿಯೊಂದು ಮೈಮೇಲೆ ಬಂದರೆ, ಲೈನಿನ ಮನುಷ್ಯ ಓಡುತ್ತಾನೆ, ಇಲ್ಲ ಕಲ್ಲು ಎತ್ತುತ್ತಾನೆ. ಅದರ ಕಣ್ಣು ಕಟ್ಟಿ ಸಮಾಧಾನ ಮಾಡುವವನು ಬೇರೆ.

"ವಾಪಸು ಕರೀರಿ," ಎಂದ. "ಕಣ್ಣಿಲ್ಲದೆ ಬರತ್ತಾ?"

"ಕಾಲಿಗೆ ನೆನಪಿದೆ ಸಾರ್. ಹೋಗೋವಾಗ ಎಲ್ಲೆಲ್ಲಿ ಹೆಜ್ಜೆ ಇಟ್ಟಿತೋ ಅದನ್ನೆಲ್ಲ ಕಂಪ್ಯೂಟರು ಇಟ್ಟುಕೊಂಡಿದೆ. ಅದೇ ಹೆಜ್ಜೆ ಮೇಲೆ ಹಿಂದಕ್ಕೆ ಬರತ್ತೆ."

ಬಂತು. ಕುರುಡು ಬಿಳುಪಿನ ಟಿವಿ ಮುಂದೆ ಯಾರೂ ನಿಲ್ಲಲಿಲ್ಲ; ಎಲ್ಲರೂ ಸುರಂಗದ ಬಾಯಿಗೆ ಹೋಗಿ ನಿಂತರು. ಸೀನಪ್ಪ ಕೇಬಲ್ಲು ಸುತ್ತಿಕೊಳ್ಳುತ್ತ ಬಂದ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಕೆಳಗಿನ ಕತ್ತಲೆಯಿಂದ ಮೋಟರಿನ ಗೊಣಗು, ರಬ್ಬರಿನ ಪಾದ ಕಲ್ಲಿಗೆ ಒತ್ತುವ ಸದ್ದು. ಒತ್ತಿ, ನಿಂತು, ಒತ್ತಿ. ಸಂಜೆ ತಾನಾಗಿ ಕೊಟ್ಟಿಗೆ ಹುಡುಕಿಕೊಂಡು ಬರುವ ದನದ ಹಾಗೆ, ಆದರೆ ಹಿಂಬದಿಯಾಗಿ, ಕಣ್ಣು ಕಟ್ಟಿಸಿಕೊಂಡು, ಒಂದು ಮೆಟ್ಟಿಲೂ ತಪ್ಪದೆ ಅದು ಮೇಲೆ ಬಂತು.

ಬಿಸಿಲಿಗೆ ಬಂದು, ಮೆಲ್ಲಗೆ ಸುತ್ತು ತಿರುಗಿ, ಜನರಿಗೆ ಮುಖ ಮಾಡಿ ನಿಂತಿತು. ತಗಡಿನ ಮೈಯೆಲ್ಲ ಕೆಸರು. ಮುಖಕ್ಕೆ ಬಿಳಿ ಟವಲು, ಗಲ್ಲದ ಕೆಳಗೆ ಒಂದೇ ಎಳೆತಕ್ಕೆ ಬಿಚ್ಚುವಂಥ ಗಂಟು.

ಬೆನ್ನ ಮೇಲಿನ ಗೋಣಿಚೀಲ ಹಗುರಾಗಿತ್ತು. ನೀರಿಲ್ಲ, ಬನ್ನಿಲ್ಲ, ಟಾರ್ಚಿಲ್ಲ. ವೆಂಕಟೇಶಪ್ಪ ಕೈ ಹಾಕಿದ. ತಳದಲ್ಲಿ ತಣ್ಣಗೆ ಏನೋ ತಗುಲಿತು. ಹಿತ್ತಾಳೆಯ ಬಿಲ್ಲೆ. ಕಾವಲುಗಾರನ ಬಿಲ್ಲೆ.

"ಇದು ಅವ್ರದ್ದೇ!" ಪಾಪಕ್ಕ ಅದನ್ನು ಕಿತ್ತುಕೊಂಡು ಎದೆಗೆ ಒತ್ತಿಕೊಂಡಳು. ಆಮೇಲೆ ಟವಲಿನ ಕಡೆ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖದ ಬೆಳಕು ಇಳಿಯಿತು. "ಸಾಮೀ... ಟವಲ್ಲು ನಮ್ಮೋರ್ದಲ್ಲ. ಇಷ್ಟು ಬೆಳ್ಳಗಿರೋದು ನಮ್ಮನೇಲಿ ಒಂದೂ ಇಲ್ಲ. ಇದ್ಯಾರ್ದು?"

ವೆಂಕಟೇಶಪ್ಪ ಬಗ್ಗಿ ನೋಡಿದ. ಟವಲಿನ ಮೂಲೆಯೊಂದು ಗಾಳಿಗೆ ಮೆಲ್ಲಗೆ ಆಡುತ್ತಿತ್ತು. ಹಸಿರು ದಾರ. ಪುಟ್ಟ ಹಕ್ಕಿಯ ಕಾಲು.

ಅವನು ಕೆಳಗೆ ಬಿದ್ದಿದ್ದ ತನ್ನ ಬುತ್ತಿಯ ಟವಲನ್ನು ಎತ್ತಿಕೊಂಡ. ಎರಡು ಮೂಲೆಗಳನ್ನೂ ಒಂದರ ಪಕ್ಕ ಒಂದು ಹಿಡಿದ. ತಾಯಿಯ ಕೈ. ಕೊನೆಯ ಹೊಲಿಗೆಯನ್ನು ಅವಳು ಯಾವಾಗಲೂ ಕೊಂಚ ಉದ್ದ ಬಿಡುತ್ತಿದ್ದಳು.

ಮುಳಬಾಗಿಲಿಗೆ ಎತ್ತು ನೋಡಲು ಹೋದವನು ಊರಿಗಾಂ ಹಿಂದಿನ ಪಾತಾಳದಲ್ಲಿದ್ದ.

ಕಳ್ಳನಾಗಿಯೋ? ಯಾರದೋ ಹೊರೆ ಹೊತ್ತ ಕೂಲಿಯಾಗಿಯೋ? ಮುನಿಶಾಮಿಯ ಬಿಲ್ಲೆ ಇವನ ಕೈಗೆ ಬಂದದ್ದು ಹೇಗೆ? ಮುನಿಶಾಮಿಯೇ ಕೊಟ್ಟನೋ, ಕೊಡುವ ಸ್ಥಿತಿಯಲ್ಲಿ ಇರಲಿಲ್ಲವೋ? ಹೇಳಿದರೆ ಕೇಸು ಇವತ್ತೇ ತನ್ನ ಕೈತಪ್ಪುತ್ತದೆ. ಮನೆಯ ಮಾನ ಕ್ಯಾಸಂಬಳ್ಳಿ ಬಸ್ಸಿನಲ್ಲಿ ಊರೂರು ಸುತ್ತುತ್ತದೆ. ಹೇಳದಿದ್ದರೆ ಪಾಪಕ್ಕನ ಕಣ್ಣು ತನ್ನ ಮೇಲಿದೆ. ಕಂಡದ್ದನ್ನು ಕಂಡಹಾಗೆ ತೋರಿಸುವ ಯಂತ್ರ ಪಕ್ಕದಲ್ಲೇ ನಿಂತಿದೆ.

"ಇದು ನಮ್ಮನೇ ಟವಲ್ಲಮ್ಮ," ಎಂದ. ನೌಕರಿಯ ಭಾಷೆ ಹೋಗಿ ಊರಿನ ಭಾಷೆ ಬಂದಿತ್ತು. "ನಮ್ಮಣ್ಣಂದು. ಒಳಗಿರೋನು ನಮ್ಮಣ್ಣ. ನಿಮ್ ಯಜಮಾನ್ರೂ ಅವನ ತಾವೇ ಅವ್ರೆ ಅಂತ ಕಾಣತ್ತೆ. ಇಬ್ಬರನ್ನೂ ಈಚೆಗೆ ತರೋವರ್ಗೂ ಇಲ್ಲಿ ಒಂದು ಬಾಂಡ್ಲಿ ಸಿಮೆಂಟು ಬೀಳಾಕೂಡ್ದು. ಲೇ ಸೀನಪ್ಪ, ಆ ಜರಡಿ ಕಿತ್ತಾಕು."

ಸೀನಪ್ಪ ಬಾಯಿ ತೆರೆದುಕೊಂಡೇ ಓಡಿದ.

"ಮೇಡಂ, ಇನ್ನೊಂದು ಸಲ ಇಳಿಯತ್ತಾ ಇದು?"

ಆದಿಲಕ್ಷ್ಮಿ ಕೆಸರು ಮೆತ್ತಿದ ಮಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. "ಇಳಿಯತ್ತೆ ಸಾರ್. ಎರಡು ಚಿಕ್ಕ ಸಿಲಿಂಡರು ಹೊರೋ ಶಕ್ತಿ ಇದೆ. ಮನುಷ್ಯರು ಬೆನ್ನಿಗೆ ಕಟ್ಟಿಕೊಂಡು ತೂರೋಕೆ ಆಗದ್ದನ್ನು ಇದು ಎಳಕೊಂಡು ತೂರತ್ತೆ. ಅವರು ಆಚೆ ಮುಖಕ್ಕೆ ಹಾಕ್ಕೊಂಡು ಇದರ ಹಿಂದೇನೇ ತೆವಳಿದ್ರೆ ಆಯ್ತು. ದಾರಿ ಇದಕ್ಕೆ ಗೊತ್ತು."

ಒಳಗೆ ಇಬ್ಬರು ಮನುಷ್ಯರು. ಅವರಿಗೂ ಬಿಸಿಲಿಗೂ ನಡುವೆ ಈ ನಾಲ್ಕು ಕಾಲು. ವೆಂಕಟೇಶಪ್ಪ ಯಂತ್ರದ ಮುಂದೆ ಬಗ್ಗಿದ. ಎತ್ತಿನ ಹಣೆ ಸವರುವ ಹಾಗೆ ಅದರ ತಗಡಿನ ಹಣೆಯನ್ನು ಒಂದು ಸಲ ಸವರಿದ. ಗಲ್ಲದ ಕೆಳಗಿನ ಗಂಟನ್ನು ಎಳೆದ. ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಚಿಕ್ಕಂದಿನಲ್ಲಿ ಅಣ್ಣ ಅವನಿಗೆ ಕಲಿಸಿಕೊಟ್ಟಿದ್ದ ಗಂಟು.

ಕಬ್ಬಿಣದ ಕರು ಕಣ್ಣು ಬಿಟ್ಟಿತು.

ಮೇಜಿನ ಮೇಲಿನ ಟಿವಿಯಲ್ಲಿ ಬಿಳುಪು ಸರಿದು ಚಿತ್ರ ಬಂತು. ವೆಂಕಟೇಶಪ್ಪ ಕತ್ತು ತಿರುಗಿಸಿ ನೋಡಿದ. ಮೊದಲು ಕಂಡದ್ದು ತನ್ನದೇ ಮುಖ, ಕೈಯಲ್ಲಿ ಎರಡು ಟವಲು. ತನ್ನ ಭುಜದ ಹಿಂದೆ ಪಾಪಕ್ಕ, ಅವಳ ಹಿಂದೆ ಜನ. ಜನರೆಲ್ಲರ ಮುಖ ಸುರಂಗದ ಕಡೆಗೇ ಇತ್ತು.

ಒಂದು ಬೆನ್ನು ಮಾತ್ರ ಆ ಕಡೆಗಿತ್ತು.

ಜನರ ಕಾಲುಗಳ ಸಂದಿಯಲ್ಲಿ, ದೂರದ ಹೊಂಗೆ ಮರದ ಬುಡದಲ್ಲಿ, ಅದು ಚಿಕ್ಕದಾಗಿ, ಆದರೆ ಸ್ಪಷ್ಟವಾಗಿ ಕಾಣುತ್ತಿತ್ತು. ಕೋದಂಡಪ್ಪ ಜನರೇಟರಿನ ಮೇಲೆ ಬಗ್ಗಿದ್ದ. ಎಣ್ಣೆ ಹಾಕುವ ಮುಚ್ಚಳ ತೆಗೆದಿತ್ತು. ಅವನ ಮುಷ್ಟಿಯಿಂದ ಬಿಳೀ ಮರಳು, ಎಳೆ ಎಳೆಯಾಗಿ, ಎಂದಿನಂತೆ ಅವಸರವಿಲ್ಲದೆ, ಅದರ ಬಾಯೊಳಗೆ ಸುರಿಯುತ್ತಿತ್ತು.

"ಹಿಡೀರಿ ಅವನ್ನ! ಆ ಮೂರನೇಯೋನು ಇವ್ನೇ!"

ವೆಂಕಟೇಶಪ್ಪ ತಿರುಗಿ ಓಡುವಷ್ಟರಲ್ಲಿ ಬಡಬಡಿಕೆ ಕೆಮ್ಮಾಯಿತು. ಕೆಮ್ಮು ಒಮ್ಮೆ ನಿಂತು, ಮತ್ತೊಮ್ಮೆ ಕೆಮ್ಮಿ, ಸುಮ್ಮನಾಯಿತು.

ಹಿಂದೆ, ಸುರಂಗದ ಬಾಯಲ್ಲಿ, ಕಬ್ಬಿಣದ ಕರುವಿನ ಮುಂಗಾಲುಗಳು ನಡುಗಿದವು. ಆಮೇಲೆ ಹಿಂಗಾಲುಗಳು. ಅದು ಮೆಲ್ಲಗೆ, ಬಹಳ ಮೆಲ್ಲಗೆ, ನಾಲ್ಕೂ ಮಂಡಿಯೂರಿ ನೆಲಕ್ಕೆ ಕೂತಿತು.

ಟಿವಿಯ ಚಿತ್ರ ಎಲ್ಲ ಕಡೆಯಿಂದ ಕುಗ್ಗುತ್ತ ಬಂದು ನಡುವೆ ಒಂದು ಬಿಳೀ ಚುಕ್ಕೆಯಾಯಿತು. ಪಾಪಕ್ಕ ಬಿಲ್ಲೆ ಹಿಡಿದ ಕೈಯಿಂದಲೇ ಆ ಚುಕ್ಕೆಯನ್ನು ಮುಚ್ಚಿ ಹಿಡಿದಳು, ದೀಪ ಆರದಂತೆ ಗಾಳಿಗೆ ಅಡ್ಡ ಹಿಡಿಯುವ ಹಾಗೆ.